ಕಾರು ಮನೆಯಲ್ಲಿ ನಿಂತಿದ್ದರೂ ನೋ ಕ್ಲೇಮ್ ಬೋನಸ್ ಕೈತಪ್ಪದಿರಲಿ

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ನಮ್ಮ ಊರುಗಳಲ್ಲಿ ಅಂಗಳದ ಶೆಡ್ಡಿನಲ್ಲಿ ಹೊದಿಕೆ ಹಾಕಿ ನಿಲ್ಲಿಸಿದ ಕಾರುಗಳು ಅಪರೂಪವೇನಲ್ಲ. ಮನೆಯ ಯಜಮಾನ ಕುವೈತ್, ದುಬೈ ಅಥವಾ ಮಸ್ಕತ್‌ನಲ್ಲಿ ದುಡಿಯುತ್ತಿರುತ್ತಾರೆ. ಮಕ್ಕಳು ಮಂಗಳೂರು, ಬೆಂಗಳೂರು, ಮುಂಬಯಿ ಸೇರಿರುತ್ತಾರೆ. ಮನೆಯಲ್ಲಿ ಉಳಿದ ಹಿರಿಯರಿಗೆ ಕಾರು ಓಡಿಸಲು ಬರುವುದಿಲ್ಲ. ಕ್ರಿಸ್‌ಮಸ್ಸಿಗೋ, ಮೇ ತಿಂಗಳ ಮದುವೆಗಳಿಗೋ ಯಜಮಾನರು ಊರಿಗೆ ಬಂದಾಗ ಮಾತ್ರ ಕಾರು ಹೊರಗೆ ಬರುತ್ತದೆ. ಹೀಗೆ ನಿಂತ ಕಾರಿನ ಇನ್ಶೂರೆನ್ಸ್ ಮುಗಿದದ್ದು ಯಾರ ಗಮನಕ್ಕೂ ಬಾರದೆ ಹೋಗುತ್ತದೆ. ಗಮನಕ್ಕೆ ಬಂದರೂ "ಓಡಿಸದ ಗಾಡಿಗೆ ಸುಮ್ಮನೆ ಹಣ ಯಾಕೆ ಕಟ್ಟುವುದು" ಎಂದು ಬಿಟ್ಟುಬಿಡುವವರೇ ಹೆಚ್ಚು.

ನಮ್ಮ ಕುಟುಂಬದಲ್ಲಿಯೂ ಕೆಲವು ವರ್ಷಗಳ ಹಿಂದೆ ಇದೇ ನಡೆಯಿತು. ಗಲ್ಫಿನಲ್ಲಿದ್ದ ನಮ್ಮ ತಮ್ಮನ ಕಾರಿನ ಪಾಲಿಸಿ ಆಗಸ್ಟ್ 10ಕ್ಕೆ ಮುಗಿಯಿತು. "ನಾನು ಬಂದ ಮೇಲೆ ಮಾಡಿಸಿದರಾಯಿತು, ಈಗ ಮಳೆ ಬೇರೆ, ಗಾಡಿ ಯಾರು ತೆಗೆಯುತ್ತಾರೆ" ಎಂದು ಆತ ಫೋನಿನಲ್ಲಿ ಹೇಳಿದ. ನಾವೂ ಒಪ್ಪಿದೆವು. ಆತ ಊರಿಗೆ ಬಂದದ್ದು ಡಿಸೆಂಬರ್ 18ರಂದು. ಐದು ವರ್ಷ ಒಂದೂ ಕ್ಲೇಮ್ ಮಾಡದೆ ಓಡಿಸಿದ ಆ ಕಾರಿಗೆ 50 ಶೇಕಡಾ ರಿಯಾಯಿತಿ ಸಿಗಬೇಕಿತ್ತು. ಕಂಪನಿಯ ಕಚೇರಿಯಲ್ಲಿ ಹೇಳಿದ್ದು ಒಂದೇ ಮಾತು: "ತೊಂಬತ್ತು ದಿನ ದಾಟಿದೆ, ಬೋನಸ್ ಇಲ್ಲ." ಲೆಕ್ಕ ಹಾಕಿ ನೋಡಿದರೆ ಆ ತೊಂಬತ್ತು ದಿನ ನವೆಂಬರ್ 8ಕ್ಕೇ ಮುಗಿದಿತ್ತು. ಸುಮಾರು ಆರು ವಾರಗಳ ವಿಳಂಬಕ್ಕೆ ಐದು ವರ್ಷಗಳ ಜಾಗ್ರತೆಯ ಫಲ ಹೋಯಿತು. ಒಂದು ಪತ್ರವನ್ನು ಮೊದಲೇ ಬರೆದಿದ್ದರೆ ನಮ್ಮ ವಾದಕ್ಕೆ ಆಧಾರ ಇರುತ್ತಿತ್ತು ಎಂಬುದು ನಮಗೆ ತಿಳಿದದ್ದು ಆಮೇಲೆ.

ಇಂಥ ನಷ್ಟ ಇನ್ನೊಬ್ಬರಿಗೆ ಆಗಬಾರದೆಂಬ ಉದ್ದೇಶದಿಂದ ಈ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ತಿಳಿಸುತ್ತಿದ್ದೇವೆ. ಸ್ವಂತ ಕಾರು ಇರುವವರಿಗೆ ಮಾತ್ರವಲ್ಲ, ಚರ್ಚು, ಶಾಲೆ, ಆಸ್ಪತ್ರೆಗಳ ವಾಹನಗಳ ಕಾಗದಪತ್ರ ನೋಡಿಕೊಳ್ಳುವವರಿಗೂ ಇದು ಉಪಯೋಗಕ್ಕೆ ಬಂದೀತು.

ನೋ ಕ್ಲೇಮ್ ಬೋನಸ್ ಎಂದರೇನು?

ನಾವು "ಫುಲ್ ಇನ್ಶೂರೆನ್ಸ್" ಎಂದು ಕರೆಯುವ ಪಾಲಿಸಿಯಲ್ಲಿ ಎರಡು ಭಾಗಗಳಿವೆ. ಒಂದು ಥರ್ಡ್ ಪಾರ್ಟಿ ಭಾಗ. ನಮ್ಮ ವಾಹನದಿಂದ ಬೇರೆಯವರ ಜೀವಕ್ಕೆ, ದೇಹಕ್ಕೆ ಅಥವಾ ಆಸ್ತಿಗೆ ಹಾನಿಯಾದರೆ ಪರಿಹಾರ ಕೊಡುವುದು ಇದು. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನಂತೆ ಸಾರ್ವಜನಿಕ ಸ್ಥಳದಲ್ಲಿ ಓಡುವ ಪ್ರತಿಯೊಂದು ವಾಹನಕ್ಕೂ ಇದು ಕಡ್ಡಾಯ. ಇದರ ದರವನ್ನು ಸರಕಾರ ಗೊತ್ತುಮಾಡುತ್ತದೆ. ಉದಾಹರಣೆಗೆ 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1000ದಿಂದ 1500 ಸಿಸಿ ಒಳಗಿನ ಖಾಸಗಿ ಕಾರಿಗೆ ವರ್ಷಕ್ಕೆ 3,416 ರೂ. ಎಂದಿತ್ತು. ಈ ಭಾಗದಲ್ಲಿ ಯಾವ ಬೋನಸ್ಸೂ ಇಲ್ಲ.

ಎರಡನೆಯದು ಓನ್ ಡ್ಯಾಮೇಜ್ ಭಾಗ, ಅಂದರೆ ನಮ್ಮದೇ ವಾಹನಕ್ಕೆ ಆಗುವ ಹಾನಿಗೆ ರಕ್ಷಣೆ. ಅಪಘಾತ, ಬೆಂಕಿ, ಕಳವು, ನೆರೆ, ಬಿರುಗಾಳಿ, ಭೂಕುಸಿತ ಇವೆಲ್ಲ ಇದರಲ್ಲಿ ಬರುತ್ತವೆ. ವರ್ಷವಿಡೀ ಕ್ಲೇಮ್ ಮಾಡದೆ ಇದ್ದರೆ ಮುಂದಿನ ವರ್ಷದ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗುವ ಕಡಿತವೇ ನೋ ಕ್ಲೇಮ್ ಬೋನಸ್. ಏಜೆಂಟರು ಇದನ್ನು ಚಿಕ್ಕದಾಗಿ ಎನ್‌ಸಿಬಿ ಎನ್ನುತ್ತಾರೆ.

2002ರ ಭಾರತೀಯ ಮೋಟಾರು ದರಪಟ್ಟಿಯಲ್ಲಿ ಇದರ ಮೆಟ್ಟಿಲುಗಳನ್ನು ಹೀಗೆ ನಿಗದಿ ಮಾಡಲಾಯಿತು:

ಒಂದು ವರ್ಷ ಕ್ಲೇಮ್ ಇಲ್ಲದಿದ್ದರೆ 20 ಶೇಕಡಾ
ಸತತ ಎರಡು ವರ್ಷಕ್ಕೆ 25 ಶೇಕಡಾ
ಸತತ ಮೂರು ವರ್ಷಕ್ಕೆ 35 ಶೇಕಡಾ
ಸತತ ನಾಲ್ಕು ವರ್ಷಕ್ಕೆ 45 ಶೇಕಡಾ
ಸತತ ಐದು ವರ್ಷಕ್ಕೆ 50 ಶೇಕಡಾ

ಐವತ್ತೇ ಕೊನೆಯ ಮೆಟ್ಟಿಲು. ಅದಕ್ಕಿಂತ ಮೇಲೆ ಹೋಗುವುದಿಲ್ಲ. ಓನ್ ಡ್ಯಾಮೇಜ್ ದರಗಳ ಮೇಲಿನ ನಿಯಂತ್ರಣ 2007ರಲ್ಲಿ ತೆಗೆದು ಕಂಪನಿಗಳಿಗೆ ಸ್ವಾತಂತ್ರ್ಯ ಕೊಟ್ಟರೂ ಬೋನಸ್ಸಿನ ಈ ಮೆಟ್ಟಿಲುಗಳು ಪಾಲಿಸಿಗಳಲ್ಲಿ ಹಾಗೆಯೇ ಮುಂದುವರಿದಿವೆ. ಆದರೆ ಒಂದೇ ಒಂದು ಓನ್ ಡ್ಯಾಮೇಜ್ ಕ್ಲೇಮ್ ಮಾಡಿದರೂ ಮುಂದಿನ ನವೀಕರಣದಲ್ಲಿ ಸೊನ್ನೆಗೆ ಇಳಿಯುತ್ತೇವೆ. ನಡುವಿನ ಮೆಟ್ಟಿಲಲ್ಲಿ ನಿಲ್ಲುವ ವ್ಯವಸ್ಥೆ ಇಲ್ಲ.

ಬೋನಸ್ ಹೋದರೆ ಎಷ್ಟು ನಷ್ಟ?

ಒಂದು ವರ್ಷದ ಲೆಕ್ಕ ಮಾತ್ರ ನೋಡಿದರೆ ಇದು ದೊಡ್ಡ ಮೊತ್ತವೆಂದು ಅನ್ನಿಸದು. ಒಂದು ಉದಾಹರಣೆ ತೆಗೆದುಕೊಳ್ಳೋಣ. ಕಾರಿನ ಓನ್ ಡ್ಯಾಮೇಜ್ ಪ್ರೀಮಿಯಂ, ಬೋನಸ್ ಕಳೆಯುವ ಮೊದಲು, 8,000 ರೂ. ಎಂದು ಇಟ್ಟುಕೊಳ್ಳಿ. 50 ಶೇಕಡಾ ಬೋನಸ್ ಇದ್ದವರು ಪ್ರತಿವರ್ಷ 4,000 ರೂ. ಕಟ್ಟುತ್ತಾರೆ. ಬೋನಸ್ ಕಳೆದುಕೊಂಡವರು ಮೊದಲ ವರ್ಷ ಪೂರ್ತಿ 8,000, ಎರಡನೇ ವರ್ಷ 6,400, ಮೂರನೇ ವರ್ಷ 6,000, ನಾಲ್ಕನೇ ವರ್ಷ 5,200, ಐದನೇ ವರ್ಷ 4,400 ರೂ. ಕಟ್ಟಬೇಕು. ಮತ್ತೆ 4,000ಕ್ಕೆ ಬರುವುದು ಆರನೇ ವರ್ಷದಲ್ಲಿ. ಅಂದರೆ ಐದು ವರ್ಷಗಳಲ್ಲಿ ಹೆಚ್ಚಿಗೆ ಕಟ್ಟಿದ ಹಣ 4,000, 2,400, 2,000, 1,200 ಮತ್ತು 400, ಒಟ್ಟು 10,000 ರೂ. ಇದರ ಮೇಲೆ ಜಿಎಸ್‌ಟಿ ಬೇರೆ. ಕಾರಿಗೆ ವಯಸ್ಸಾದಂತೆ ಪ್ರೀಮಿಯಂ ಬದಲಾಗುವುದರಿಂದ ನಿಮ್ಮ ಲೆಕ್ಕ ಸ್ವಲ್ಪ ಹೆಚ್ಚು ಕಡಿಮೆ ಆಗಬಹುದು, ಆದರೆ ವಿಷಯ ಇದೇ. ದೊಡ್ಡ ಕಾರಾದರೆ ನಷ್ಟವೂ ದೊಡ್ಡದು.

ತೊಂಬತ್ತು ದಿನಗಳ ನಿಯಮ

ಪಾಲಿಸಿ ಮುಗಿದ ದಿನದಿಂದ 90 ದಿನಗಳ ಒಳಗೆ ನವೀಕರಿಸಿದರೆ ಗಳಿಸಿದ ಬೋನಸ್ ಉಳಿಯುತ್ತದೆ. 90 ದಿನ ದಾಟಿದರೆ ಸಾಮಾನ್ಯವಾಗಿ ಅದು ರದ್ದಾಗುತ್ತದೆ. ಇದು ಮುಖ್ಯ ನಿಯಮ.

ಇಲ್ಲಿ ಅನೇಕರು ಒಂದು ತಪ್ಪು ತಿಳಿವಳಿಕೆ ಮಾಡಿಕೊಳ್ಳುತ್ತಾರೆ. 90 ದಿನ ಎಂದರೆ ಇನ್ಶೂರೆನ್ಸ್ ಇನ್ನೂ ಚಾಲ್ತಿಯಲ್ಲಿದೆ ಎಂದಲ್ಲ. ಪಾಲಿಸಿ ಮುಗಿದ ದಿನ ನಡುರಾತ್ರಿಗೆ ರಕ್ಷಣೆ ಮುಗಿಯಿತು. ಆ 90 ದಿನಗಳಲ್ಲಿ ಉಳಿಯುವುದು ಬೋನಸ್ಸಿನ ಹಕ್ಕು ಮಾತ್ರ. ಆ ಅವಧಿಯಲ್ಲಿ ಕಾರಿಗೆ ಏನಾದರೂ ಆದರೆ ಕಂಪನಿ ಒಂದು ಪೈಸೆ ಕೊಡುವುದಿಲ್ಲ. ಕಾರನ್ನು ರಸ್ತೆಗೆ ತರುವಂತೆಯೂ ಇಲ್ಲ. ಇನ್ಶೂರೆನ್ಸ್ ಇಲ್ಲದೆ ಓಡಿಸಿದರೆ 196ನೇ ಕಲಮಿನಂತೆ ಮೊದಲ ಸಲಕ್ಕೆ 2,000 ರೂ. ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ದಂಡ 4,000 ರೂ. 2019ರ ತಿದ್ದುಪಡಿಯ ನಂತರದ ದರ ಇದು.

ದಂಡ ಸಣ್ಣ ವಿಷಯ. ಹೊನ್ನಾವರದ ಶರಾವತಿ ಸೇತುವೆಯ ಹತ್ತಿರವೋ, ಭಟ್ಕಳದ ಶಂಸುದ್ದೀನ್ ಸರ್ಕಲಿನಲ್ಲೋ ನಮ್ಮ ಕಾರು ಒಬ್ಬ ಬೈಕ್ ಸವಾರನಿಗೆ ತಾಗಿ ಆತನ ಪ್ರಾಣ ಹೋದರೆ, ನ್ಯಾಯಮಂಡಳಿ ವಿಧಿಸುವ ಲಕ್ಷಾಂತರ ರೂಪಾಯಿ ಪರಿಹಾರವನ್ನು ಕಾರಿನ ಮಾಲೀಕರೇ ತುಂಬಬೇಕು. ಮನೆ, ಗದ್ದೆ, ತೋಟ ಮಾರಿಯಾದರೂ ತುಂಬಬೇಕು. ತೀರಿಹೋದವರ ಕುಟುಂಬಕ್ಕಾದರೂ ಆ ಹಣ ಸಕಾಲಕ್ಕೆ ಸಿಗುವ ಭರವಸೆ ಇರುವುದಿಲ್ಲ. "ಪೆಟ್ರೋಲ್ ಬಂಕಿನವರೆಗೆ ಮಾತ್ರ" ಎಂದು ಹೊರಟವರಿಗೂ ಇದೇ ಕಾನೂನು. ಹೆದ್ದಾರಿ 66ಕ್ಕೆ ಚಕ್ರ ಇಟ್ಟ ಕೂಡಲೇ ನಾವು ಸಾರ್ವಜನಿಕ ಸ್ಥಳದಲ್ಲಿದ್ದೇವೆ.

90 ದಿನಗಳ ಒಳಗೆ ಹೋದರೂ ಹಳೆ ಪಾಲಿಸಿಗೆ ಹಣ ಕಟ್ಟಿದಂತೆ ಸುಲಭವಾಗಿ ಮುಗಿಯುವುದಿಲ್ಲ. ಪಾಲಿಸಿ ಒಮ್ಮೆ ಕಡಿದುಹೋದರೆ ಕಂಪನಿಯವರು ಕಾರನ್ನು ಪರಿಶೀಲಿಸಿ ಫೋಟೋ ಅಥವಾ ವಿಡಿಯೋ ತೆಗೆದ ಮೇಲೆಯೇ ಹೊಸ ಓನ್ ಡ್ಯಾಮೇಜ್ ರಕ್ಷಣೆ ಕೊಡುತ್ತಾರೆ. ಈಗ ಇದನ್ನು ಮೊಬೈಲಿನಲ್ಲೇ ಮಾಡುವ ಕಂಪನಿಗಳಿವೆ. ಕಾರು ಸ್ಟಾರ್ಟ್ ಆಗುವ ಸ್ಥಿತಿಯಲ್ಲಿರಲಿ, ಬ್ಯಾಟರಿ ಸತ್ತಿದ್ದರೆ ಮೊದಲು ಸರಿಮಾಡಿಸಿ. ಕೊನೆಯ ಎರಡು ದಿನಕ್ಕೆ ಇಟ್ಟುಕೊಂಡರೆ ಪರಿಶೀಲನೆ ತಡವಾಗಿ ಗಡುವು ದಾಟುವ ಅಪಾಯ ಇದೆ.

2020ರ ಲಾಕ್‌ಡೌನ್ ಸಮಯದಲ್ಲಿ ಕೇಂದ್ರ ಸರಕಾರ ಮಾರ್ಚ್ 25ರಿಂದ ಮೇ 3ರ ಒಳಗೆ ಮುಗಿಯುತ್ತಿದ್ದ ಥರ್ಡ್ ಪಾರ್ಟಿ ಪಾಲಿಸಿಗಳ ನವೀಕರಣಕ್ಕೆ ಮೇ 15ರವರೆಗೆ ಅವಕಾಶ ಕೊಟ್ಟಿತ್ತು. ಅದು ಆ ಸಂದರ್ಭಕ್ಕೆ ಮಾತ್ರ. "ಸ್ವಲ್ಪ ದಿನ ರಿಯಾಯಿತಿ ಇರುತ್ತದೆ" ಎಂದು ಈಗಲೂ ನಂಬಿಕೊಂಡವರಿದ್ದಾರೆ. ಹಾಗೆ ಇಲ್ಲ.

ಮೂರು ವರ್ಷದ ಥರ್ಡ್ ಪಾರ್ಟಿ: ಇಲ್ಲಿ ಎಚ್ಚರ ಬೇಕು

ಸುಪ್ರೀಂ ಕೋರ್ಟಿನ ನಿರ್ದೇಶನದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರು ಕೊಳ್ಳುವಾಗ ಮೂರು ವರ್ಷದ, ಹೊಸ ದ್ವಿಚಕ್ರ ವಾಹನ ಕೊಳ್ಳುವಾಗ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಒಟ್ಟಿಗೆ ಮಾಡಿಸಬೇಕು. ಓನ್ ಡ್ಯಾಮೇಜ್ ಭಾಗವನ್ನು ಮಾತ್ರ ಒಂದೊಂದು ವರ್ಷಕ್ಕೆ ಮಾಡಿಸುವುದು ರೂಢಿ. 2019ರ ಸೆಪ್ಟೆಂಬರ್ 1ರಿಂದ ಓನ್ ಡ್ಯಾಮೇಜ್ ಒಂದನ್ನೇ ಪ್ರತ್ಯೇಕ ಪಾಲಿಸಿಯಾಗಿ, ಬೇಕಾದರೆ ಬೇರೆ ಕಂಪನಿಯಿಂದಲೂ ತೆಗೆದುಕೊಳ್ಳಬಹುದು.

ಇದರಿಂದ ಒಂದು ಗೊಂದಲ ಹುಟ್ಟಿದೆ. ಶೋರೂಮಿನಲ್ಲಿ ಕೊಟ್ಟ ಕಾಗದದಲ್ಲಿ ಮೂರು ವರ್ಷದ ನಂತರದ ದಿನಾಂಕ ಕಾಣುತ್ತದೆ. ಮಾಲೀಕರು ನಿಶ್ಚಿಂತೆಯಾಗಿ ವಿದೇಶಕ್ಕೆ ಹೋಗುತ್ತಾರೆ. ಆದರೆ ಓನ್ ಡ್ಯಾಮೇಜ್ ಭಾಗ ಒಂದು ವರ್ಷಕ್ಕೇ ಮುಗಿದಿರುತ್ತದೆ. ಪೊಲೀಸರು ಹಿಡಿದರೆ ತೊಂದರೆ ಇಲ್ಲ, ಏಕೆಂದರೆ ಥರ್ಡ್ ಪಾರ್ಟಿ ಇದೆ. ಬೋನಸ್ ಇರುವುದು ಮಾತ್ರ ಓನ್ ಡ್ಯಾಮೇಜ್ ಭಾಗದಲ್ಲಿ. ಅದು ಮುಗಿದು 90 ದಿನ ದಾಟಿದರೆ ಬೋನಸ್ ಹೋಗುತ್ತದೆ. ಆದ್ದರಿಂದ ಪಾಲಿಸಿಯ ಮೊದಲ ಪುಟದಲ್ಲಿ ಎರಡು ದಿನಾಂಕಗಳನ್ನೂ ಬೇರೆ ಬೇರೆಯಾಗಿ ನೋಡಿ ಬರೆದಿಡಿ. ಹಣ ಉಳಿಸಲೆಂದು ಫುಲ್ ಇನ್ಶೂರೆನ್ಸ್ ಬಿಟ್ಟು ಥರ್ಡ್ ಪಾರ್ಟಿ ಒಂದನ್ನೇ ಮಾಡಿಸುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಆ ವರ್ಷಗಳಲ್ಲಿ ಬೋನಸ್ ಬೆಳೆಯುವುದಿಲ್ಲ, ಹಿಂದೆ ಗಳಿಸಿದ್ದೂ ಉಳಿಯುವುದಿಲ್ಲ.

ನಿಂತ ಕಾರಿಗೂ ಅಪಾಯ ಇದೆ

"ಮನೆಯಲ್ಲೇ ಇರುವ ಗಾಡಿಗೆ ಏನಾಗುತ್ತದೆ" ಎಂಬ ಪ್ರಶ್ನೆಗೆ ನಮ್ಮ ಕರಾವಳಿಯ ಮಳೆಗಾಲವೇ ಉತ್ತರ ಕೊಟ್ಟಿದೆ. 2022ರ ಆಗಸ್ಟ್ ಮೊದಲ ವಾರದಲ್ಲಿ ಭಟ್ಕಳದಲ್ಲಿ ಒಂದೇ ರಾತ್ರಿ ಸುರಿದ ಭಾರೀ ಮಳೆಗೆ ಪಟ್ಟಣದ ಅಂಗಡಿ, ಮನೆಗಳಿಗೆ ನೀರು ನುಗ್ಗಿತು, ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಪ್ರಾಣ ಕಳೆದುಕೊಂಡರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಗೆ ಗುಡ್ಡ ಜರಿದಾಗ ರಸ್ತೆಬದಿ ನಿಲ್ಲಿಸಿದ್ದ ಲಾರಿಯೂ ಗಂಗಾವಳಿ ನದಿಯ ಪಾಲಾಯಿತು. ಗುಂಡಬಾಳ, ಅಘನಾಶಿನಿ ಹೊಳೆಗಳ ದಂಡೆಯಲ್ಲಿರುವವರಿಗೆ ನೆರೆಯ ಬಗ್ಗೆ ನಾವು ಹೇಳಬೇಕಾಗಿಲ್ಲ. ತೆಂಗಿನ ಮರ ಬಿದ್ದು ಜಖಂಗೊಂಡ ಕಾರುಗಳನ್ನು ಎಲ್ಲರೂ ನೋಡಿದ್ದೇವೆ.

ಇಂಥ ಹಾನಿಗೆ ಪರಿಹಾರ ಕೊಡುವುದು ಓನ್ ಡ್ಯಾಮೇಜ್ ಭಾಗ ಮಾತ್ರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಓನ್ ಡ್ಯಾಮೇಜ್ ಇಲ್ಲದೆ ಕಾರನ್ನು ಬಿಡುವುದೆಂದರೆ ಅತಿ ಹೆಚ್ಚು ಅಪಾಯದ ತಿಂಗಳುಗಳಲ್ಲೇ ಅದನ್ನು ರಕ್ಷಣೆ ಇಲ್ಲದೆ ಬಿಟ್ಟಂತೆ. ಇನ್ನೊಂದು ಮಾತು. ನೆರೆಯ ನೀರು ಹೊಕ್ಕ ಕಾರನ್ನು ಯಾವ ಕಾರಣಕ್ಕೂ ಸ್ಟಾರ್ಟ್ ಮಾಡಬೇಡಿ. ನೀರು ಒಳಗಿರುವಾಗ ಸ್ಟಾರ್ಟ್ ಮಾಡಿ ಎಂಜಿನ್ ಕೆಟ್ಟರೆ, ಎಂಜಿನ್ ರಕ್ಷಣೆಯ ಹೆಚ್ಚುವರಿ ಸೌಲಭ್ಯ ತೆಗೆದುಕೊಳ್ಳದವರ ಕ್ಲೇಮನ್ನು ಕಂಪನಿಗಳು ನಿರಾಕರಿಸುತ್ತವೆ. ಕಂಪನಿಗೆ ತಿಳಿಸಿ, ಎಳೆದುಕೊಂಡು ಗ್ಯಾರೇಜಿಗೆ ಸಾಗಿಸಿ.

ದೀರ್ಘಕಾಲ ಕಾರು ಬಳಸದವರು ಏನು ಮಾಡಬೇಕು?

ಮೊದಲನೆಯ ಮತ್ತು ಅತ್ಯಂತ ಸುರಕ್ಷಿತ ದಾರಿ, ಪಾಲಿಸಿಯನ್ನು ಕಡಿಯದೆ ಪ್ರತಿವರ್ಷ ಆನ್‌ಲೈನಿನಲ್ಲಿ ನವೀಕರಿಸುವುದು. ವಿದೇಶದಲ್ಲಿದ್ದರೂ ಇದು ಸಾಧ್ಯ. 50 ಶೇಕಡಾ ಬೋನಸ್ ಇದ್ದವರಿಗೆ ಪ್ರೀಮಿಯಂ ಅರ್ಧವೇ ಆಗುವುದರಿಂದ ಭಾರವೂ ಹೆಚ್ಚಲ್ಲ.

ಎರಡನೆಯದು, ಕಾರು ಕೆಲವು ತಿಂಗಳು ಗ್ಯಾರೇಜಿನಲ್ಲಿ ನಿಲ್ಲುತ್ತದೆ ಎಂದು ಕಂಪನಿಗೆ ಮೊದಲೇ ಲಿಖಿತವಾಗಿ ತಿಳಿಸುವುದು. 2002ರ ದರಪಟ್ಟಿಯಲ್ಲಿ ಇದಕ್ಕೆ ಒಂದು ವ್ಯವಸ್ಥೆ ಇತ್ತು. ಆ ಅವಧಿಯಲ್ಲಿ ಬೆಂಕಿ, ಕಳವು, ನೆರೆ, ಬಿರುಗಾಳಿಯಂಥ ಅಪಾಯಗಳಿಗೆ ಮಾತ್ರ ರಕ್ಷಣೆ ಉಳಿಸಿಕೊಂಡು, ಉಳಿದದ್ದನ್ನು ತಡೆಹಿಡಿದು, ಅದಕ್ಕೆ ತಕ್ಕಷ್ಟು ಹಣವನ್ನು ಮುಂದಿನ ಪ್ರೀಮಿಯಂನಲ್ಲಿ ಕಳೆಯುವುದು ಆ ವ್ಯವಸ್ಥೆ. ನಿಮ್ಮ ಕಂಪನಿ ಇದನ್ನು ಕೊಡುತ್ತದೆಯೇ ಎಂದು ಶಾಖೆಯಲ್ಲಿ ವಿಚಾರಿಸಿ. ಈ ಅವಧಿಯಲ್ಲಿ ಕಾರು ರಸ್ತೆಗೆ ಬರಬಾರದು ಎಂಬುದನ್ನು ಮಾತ್ರ ಮನೆಯವರೆಲ್ಲರಿಗೂ ಹೇಳಿಡಿ.

ಮೂರನೆಯದು ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ. ಅದೇ ದರಪಟ್ಟಿಯ 27ನೇ ನಿಯಮದಲ್ಲಿ 90 ದಿನಗಳ ನಿರ್ಬಂಧಕ್ಕೆ ಒಂದು ವಿನಾಯಿತಿ ಹೇಳಿದೆ. ವಾಹನವನ್ನು ಮಾರಿ ಕೂಡಲೇ ಇನ್ನೊಂದನ್ನು ಕೊಳ್ಳದಿದ್ದರೆ ಅಥವಾ ವಾಹನವನ್ನು ಬಳಸದೆ ನಿಲ್ಲಿಸಿದ್ದರೆ, ಹಿಂದಿನ ಪಾಲಿಸಿ ಮುಗಿದ ದಿನದಿಂದ ಮೂರು ವರ್ಷಗಳ ಒಳಗೆ ಹೊಸ ಪಾಲಿಸಿ ಮಾಡಿಸಿದಾಗ ಹಳೆಯ ಬೋನಸ್ ಕೊಡಬಹುದು ಎಂದು ಅದರಲ್ಲಿದೆ. ಕೊನೆಯ ಹನ್ನೆರಡು ತಿಂಗಳ ಪಾಲಿಸಿ ಮುಗಿದಾಗ ಎಷ್ಟು ಗಳಿಸಿದ್ದೆವೋ ಅಷ್ಟೇ ದರ ಸಿಗುತ್ತದೆ, ನಿಂತ ವರ್ಷಗಳಿಗೆ ಹೆಚ್ಚಳ ಇಲ್ಲ.

ಇಲ್ಲಿ "ಕೊಡಬಹುದು" ಎಂಬ ಪದವನ್ನು ಗಮನಿಸಿ. ಮಾರಿದ ಕಾರಿಗೆ ದಾಖಲೆ ಸ್ಪಷ್ಟವಾಗಿರುತ್ತದೆ, ಆದ್ದರಿಂದ ತೊಂದರೆ ಕಡಿಮೆ. ನಿಮ್ಮ ಹೆಸರಿನಲ್ಲೇ ನಿಂತಿರುವ ಕಾರಿನ ವಿಷಯದಲ್ಲಿ, ಅದು ನಿಜವಾಗಿ ನಿಂತಿತ್ತು ಎಂಬುದಕ್ಕೆ ಆಧಾರ ಬೇಕಾಗುತ್ತದೆ. ಆದ್ದರಿಂದ ಊರು ಬಿಡುವ ಮೊದಲೇ, ಪಾಲಿಸಿ ಚಾಲ್ತಿಯಲ್ಲಿರುವಾಗಲೇ, ಇಂಥ ದಿನದಿಂದ ಕಾರು ಬಳಸುವುದಿಲ್ಲ ಎಂದು ಕಂಪನಿಗೆ ಪತ್ರ ಅಥವಾ ಇ-ಮೇಲ್ ಬರೆದು ಉತ್ತರವನ್ನು ಪಡೆದಿಟ್ಟುಕೊಳ್ಳಿ. ಪಾಸ್‌ಪೋರ್ಟಿನ ಮುದ್ರೆ, ವಿಮಾನದ ಟಿಕೆಟ್, ಕಿಲೋಮೀಟರ್ ಮೀಟರಿನ ಫೋಟೋ ಜೊತೆಗಿರಲಿ. ನಮ್ಮ ತಮ್ಮನ ಬಳಿ ಪಾಸ್‌ಪೋರ್ಟ್ ಇತ್ತು, ಪತ್ರ ಇರಲಿಲ್ಲ. ಪತ್ರ ಇದ್ದರೂ ಕಂಪನಿ ಒಪ್ಪದಿರಬಹುದು. ಹಾಗಾಗಿ ಇದನ್ನು ಕೊನೆಯ ದಾರಿಯಾಗಿ ಇಟ್ಟುಕೊಂಡು, ಸಾಧ್ಯವಿದ್ದವರು ಮೊದಲ ದಾರಿಯನ್ನೇ ಹಿಡಿಯುವುದು ಉತ್ತಮ.

ಕಾರು ಮಾರುವಾಗ ಬೋನಸ್ ನಿಮ್ಮದೇ

ಬೋನಸ್ ಸೇರುವುದು ಕಾರಿಗಲ್ಲ, ಇನ್ಶೂರೆನ್ಸ್ ಮಾಡಿಸಿದ ವ್ಯಕ್ತಿಗೆ. ಕಾರನ್ನು ಮಾರಿದಾಗ ಬೋನಸ್ ಕೊಂಡವರಿಗೆ ಹೋಗುವುದಿಲ್ಲ. ಮಾರಿದ ಕೂಡಲೇ ಕಂಪನಿಯಿಂದ ಎನ್‌ಸಿಬಿ ಪ್ರಮಾಣಪತ್ರ ಕೇಳಿ ಪಡೆಯಿರಿ. ಇದಕ್ಕೆ ಅರ್ಜಿ, ಪಾಲಿಸಿಯ ಪ್ರತಿ, ಮಾರಾಟದ 29 ಮತ್ತು 30ನೇ ನಮೂನೆಗಳ ಪ್ರತಿ, ಹೆಸರು ಬದಲಾದ ಆರ್‌ಸಿಯ ಪ್ರತಿಗಳನ್ನು ಸಾಮಾನ್ಯವಾಗಿ ಕೇಳುತ್ತಾರೆ. ಈ ಪತ್ರವನ್ನು ಜೋಪಾನವಾಗಿ ಇಟ್ಟರೆ ಪಾಲಿಸಿ ಮುಗಿದ ಮೂರು ವರ್ಷಗಳ ಒಳಗೆ ಕೊಳ್ಳುವ ಮುಂದಿನ ಕಾರಿಗೆ ಅದೇ ಬೋನಸ್ ಸಿಗುತ್ತದೆ. ಹೊಸ ಕಾರಿನ ಮೊದಲ ವರ್ಷದ ಓನ್ ಡ್ಯಾಮೇಜ್ ಪ್ರೀಮಿಯಂ ಹೆಚ್ಚಿರುವುದರಿಂದ ಉಳಿತಾಯವೂ ಹೆಚ್ಚು. ಶೋರೂಮಿನವರು ಇದನ್ನು ತಾವಾಗಿ ಕೇಳುತ್ತಾರೆಂದು ಕಾಯಬೇಡಿ, ನೀವೇ ಪತ್ರ ತೋರಿಸಿ.

ವಾಹನದ ವರ್ಗ ಮಾತ್ರ ಒಂದೇ ಆಗಿರಬೇಕು. ಕಾರಿನ ಬೋನಸ್ ಕಾರಿಗೆ, ಸ್ಕೂಟರಿನ ಬೋನಸ್ ದ್ವಿಚಕ್ರ ವಾಹನಕ್ಕೆ.

ಹಳೆ ಕಾರು ಕೊಂಡವರು 14 ದಿನಗಳ ಒಳಗೆ ಇನ್ಶೂರೆನ್ಸನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಮಾರಿದವರ ಬೋನಸ್ಸಿನ ಭಾಗವನ್ನು ಉಳಿದ ಅವಧಿಯ ಲೆಕ್ಕದಲ್ಲಿ ಕಂಪನಿಗೆ ಕಟ್ಟಬೇಕಾಗುತ್ತದೆ. ಇದನ್ನು ಮಾಡದೆ ಹಳೆ ಮಾಲೀಕರ ಹೆಸರಿನ ಪಾಲಿಸಿಯಲ್ಲೇ ಓಡಿಸಿದರೆ ಕಾರಿಗೆ ಹಾನಿಯಾದಾಗ ಓನ್ ಡ್ಯಾಮೇಜ್ ಕ್ಲೇಮ್ ಸಿಗುವುದು ಕಷ್ಟ.

ವಿದೇಶದಿಂದ ಮರಳುವವರಿಗೆ

ಗಲ್ಫಿನಲ್ಲಿ ಅಥವಾ ಬೇರೆ ದೇಶದಲ್ಲಿ ಸ್ವಂತ ಕಾರು ಇಟ್ಟುಕೊಂಡು ಕ್ಲೇಮ್ ಇಲ್ಲದೆ ಓಡಿಸಿದವರು ಅಲ್ಲಿನ ಕಂಪನಿಯಿಂದ ಅದರ ಪ್ರಮಾಣಪತ್ರ ತರುವುದು ಒಳ್ಳೆಯದು. ಅಲ್ಲಿನ ಪಾಲಿಸಿ ಮುಗಿದ ಮೂರು ವರ್ಷಗಳ ಒಳಗೆ ಇಲ್ಲಿ ಪಾಲಿಸಿ ಮಾಡಿಸಿದರೆ ಆ ಬೋನಸ್ಸನ್ನು ಪರಿಗಣಿಸಬಹುದೆಂದು 27ನೇ ನಿಯಮದಲ್ಲೇ ಇದೆ. ಕಾಯಂ ಆಗಿ ಊರಿಗೆ ಮರಳುವಾಗ ಮನೆ ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಈ ಒಂದು ಹಾಳೆ ಮರೆತುಹೋಗುತ್ತದೆ. ಅಲ್ಲಿಂದ ಬಂದ ಮೇಲೆ ತರಿಸುವುದು ಕಷ್ಟ. ಬ್ರಿಟನ್ನಿನಲ್ಲಿ ದಾದಿಯರಾಗಿ ದುಡಿಯುವ ನಮ್ಮವರು ಇನ್ನೊಂದು ಸಂಗತಿ ಗಮನಿಸಬೇಕು. ಅಲ್ಲಿ ಇನ್ಶೂರೆನ್ಸ್ ನಿಲ್ಲಿಸಿದ ನಂತರ ಬೋನಸ್ ಸಾಮಾನ್ಯವಾಗಿ ಎರಡು ವರ್ಷ ಮಾತ್ರ ಉಳಿಯುತ್ತದೆ.

ಮನೆಯ ಯಜಮಾನರು ತೀರಿಕೊಂಡರೆ

ದುಃಖದ ದಿನಗಳಲ್ಲಿ ಕಾರಿನ ಇನ್ಶೂರೆನ್ಸ್ ಯಾರಿಗೂ ನೆನಪಾಗುವುದಿಲ್ಲ. ಆದರೂ ಇದನ್ನು ತಿಳಿದಿರುವುದು ಅಗತ್ಯ. ಪಾಲಿಸಿದಾರರು ತೀರಿಕೊಂಡರೆ ಪಾಲಿಸಿ ಕೂಡಲೇ ರದ್ದಾಗುವುದಿಲ್ಲ. ನಿಧನದ ದಿನದಿಂದ ಮೂರು ತಿಂಗಳು ಅಥವಾ ಪಾಲಿಸಿ ಮುಗಿಯುವ ದಿನ, ಇವುಗಳಲ್ಲಿ ಮೊದಲು ಬರುವ ದಿನದವರೆಗೆ ಅದು ಚಾಲ್ತಿಯಲ್ಲಿರುತ್ತದೆ. ಆ ಅವಧಿಯೊಳಗೆ ಮರಣ ಪ್ರಮಾಣಪತ್ರ ಮತ್ತು ವಾರಸುದಾರಿಕೆಯ ದಾಖಲೆಯೊಂದಿಗೆ ವಾರಸುದಾರರು ಹೆಸರು ಬದಲಾಯಿಸಲು ಅರ್ಜಿ ಕೊಡಬೇಕು. ಕಾರು ಪತ್ನಿ ಅಥವಾ ಪತಿ, ಮಕ್ಕಳು, ತಂದೆತಾಯಿಯರ ಕೈಗೆ ಬಂದರೆ ತೀರಿಕೊಂಡವರು ಗಳಿಸಿದ ಬೋನಸ್ ಕೂಡ ಅವರಿಗೆ ಬರುತ್ತದೆ. ಬೋನಸ್ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವ ಕೆಲವೇ ಸಂದರ್ಭಗಳಲ್ಲಿ ಇದೊಂದು. ಗಂಡನನ್ನು ಕಳೆದುಕೊಂಡ ತಾಯಂದಿರಿಗೆ ಇದನ್ನು ತಿಳಿಸಿಕೊಡುವ ಕೆಲಸವನ್ನು ವಾಳೆಯ ಗುರಿಕಾರರು, ನೆರೆಹೊರೆಯವರು ಮಾಡಬಹುದು.

ಚರ್ಚು ಮತ್ತು ಸಂಸ್ಥೆಗಳ ವಾಹನ

ಸಂಸ್ಥೆಯ ಹೆಸರಿನಲ್ಲಿರುವ ವಾಹನದ ಬೋನಸ್ ಸಂಸ್ಥೆಗೆ ಸೇರಿದ್ದು. ಗುರುಗಳು ಅಥವಾ ಭಗಿನಿಯರು ವರ್ಗವಾಗಿ ಹೋದರೂ ಅದು ಅಲ್ಲೇ ಉಳಿಯುತ್ತದೆ. ತೊಂದರೆ ಆಗುವುದು ಬೇರೆ ಕಡೆ. ಪಾಲಿಸಿಗೆ ಜೋಡಿಸಿದ ಮೊಬೈಲ್ ಸಂಖ್ಯೆ ಹಿಂದಿನವರದ್ದೇ ಆಗಿದ್ದರೆ ನವೀಕರಣದ ಸಂದೇಶ ಅವರಿಗೆ ಹೋಗುತ್ತದೆ. ಹೊಸಬರಿಗೆ ಕಾಗದಪತ್ರ ಅರ್ಥವಾಗುವಷ್ಟರಲ್ಲಿ ಪಾಲಿಸಿ ಮುಗಿದಿರುತ್ತದೆ. ಅಧಿಕಾರ ಹಸ್ತಾಂತರದ ಪಟ್ಟಿಯಲ್ಲಿ ವಾಹನದ ಥರ್ಡ್ ಪಾರ್ಟಿ ದಿನಾಂಕ, ಓನ್ ಡ್ಯಾಮೇಜ್ ದಿನಾಂಕ, ಬೋನಸ್ ಶೇಕಡಾವಾರು ಈ ಮೂರನ್ನೂ ಬರೆಯುವ ಪದ್ಧತಿ ಇಟ್ಟುಕೊಂಡರೆ ಸಾಕು. ಪಾಲಿಸಿಯಲ್ಲಿ ವ್ಯಕ್ತಿಯ ಬದಲು ಕಚೇರಿಯ ದೂರವಾಣಿ ಮತ್ತು ಇ-ಮೇಲ್ ಕೊಡಿ.

ಸಂಸ್ಥೆಯ ಕಾರನ್ನು ಒಬ್ಬ ಸಿಬ್ಬಂದಿಗೇ ಮೀಸಲಾಗಿ ಕೊಟ್ಟಿದ್ದು, ನಂತರ ಅದನ್ನು ಅವರ ಹೆಸರಿಗೇ ಮಾಡಿಕೊಟ್ಟರೆ, ಆ ಅವಧಿಯಲ್ಲಿ ಗಳಿಸಿದ ಬೋನಸ್ ಅವರಿಗೆ ಸಿಗಬಹುದು. ಕಾರನ್ನು ಅವರೊಬ್ಬರೇ ಬಳಸುತ್ತಿದ್ದರು ಎಂದು ಸಂಸ್ಥೆ ಪತ್ರ ಕೊಡಬೇಕು. ವರ್ಷಗಟ್ಟಲೆ ದುಡಿದವರಿಗೆ ಇದೊಂದು ಸಣ್ಣ ಸಹಾಯ.

ಕಂಪನಿ ಬದಲಾಯಿಸುವಾಗ ಮತ್ತು ಸಣ್ಣ ಕ್ಲೇಮ್ ಮಾಡುವಾಗ

ಕಂಪನಿ ಬದಲಾಯಿಸಿದರೆ ಬೋನಸ್ ಹೋಗುತ್ತದೆ ಎಂಬುದು ಸುಳ್ಳು. ಹಳೆ ಪಾಲಿಸಿಯ ಪ್ರತಿ ಅಥವಾ ನವೀಕರಣ ನೋಟಿಸ್ ತೋರಿಸಿದರೆ ಹೊಸ ಕಂಪನಿ ಅದನ್ನು ಮಾನ್ಯ ಮಾಡುತ್ತದೆ. ಆದರೆ ಹಿಂದಿನ ವರ್ಷ ಕ್ಲೇಮ್ ಮಾಡಿದ್ದರೂ "ಇಲ್ಲ" ಎಂದು ಬರೆದು ಬೋನಸ್ ಪಡೆಯಬೇಡಿ. ಏಜೆಂಟ್ "ನಡೆಯುತ್ತದೆ" ಎಂದರೂ ಒಪ್ಪಬೇಡಿ. ಕಂಪನಿಗಳು ಒಂದರ ದಾಖಲೆಯನ್ನು ಇನ್ನೊಂದು ತಾಳೆ ನೋಡುತ್ತವೆ. ಘೋಷಣೆ ಸುಳ್ಳೆಂದು ಕಂಡುಬಂದರೆ ನಿಮ್ಮ ಕಾರಿನ ಹಾನಿಗೆ ಸಿಗಬೇಕಾದ ಪರಿಹಾರವೆಲ್ಲ ರದ್ದಾಗುತ್ತದೆ. ಬೋನಸ್ಸಿನ ನಾಲ್ಕು ಸಾವಿರಕ್ಕಾಗಿ ನಾಲ್ಕು ಲಕ್ಷದ ಕಾರು ಪಣಕ್ಕಿಟ್ಟಂತೆ.

ಬಂಪರಿಗೆ ಗೀರು ಬಿದ್ದರೆ, ಒಂದು ದೀಪ ಒಡೆದರೆ ಕ್ಲೇಮ್ ಮಾಡುವ ಮೊದಲು ಲೆಕ್ಕ ಹಾಕಿ. 1500 ಸಿಸಿವರೆಗಿನ ಕಾರಿಗೆ ಮೊದಲ 1,000 ರೂ., ಅದಕ್ಕಿಂತ ದೊಡ್ಡ ಕಾರಿಗೆ 2,000 ರೂ. ಹೇಗೂ ನಾವೇ ಹಾಕಬೇಕು. 3,500 ರೂ. ರಿಪೇರಿಗೆ ಕಂಪನಿಯಿಂದ 2,500 ರೂ. ಪಡೆದು ಮೇಲಿನ ಲೆಕ್ಕದಂತೆ 10,000 ರೂ. ಕಳೆದುಕೊಳ್ಳುವುದು ಲಾಭವಲ್ಲ. ಬೋನಸ್ ರಕ್ಷಣೆಯ ಹೆಚ್ಚುವರಿ ಸೌಲಭ್ಯವನ್ನು ಅನೇಕ ಕಂಪನಿಗಳು ಪ್ರತ್ಯೇಕ ಹಣಕ್ಕೆ ಕೊಡುತ್ತವೆ. ಅದರ ಷರತ್ತುಗಳನ್ನು ಓದಿ ನಿರ್ಧರಿಸಿ.

ನ್ಯಾಯ ಸಿಗದಿದ್ದರೆ

ಕೊಡಬೇಕಾದ ಬೋನಸ್ಸನ್ನು ಕಂಪನಿ ನಿರಾಕರಿಸಿದರೆ ಮೊದಲು ಕಂಪನಿಯ ದೂರು ಪರಿಹಾರ ಅಧಿಕಾರಿಗೆ ಲಿಖಿತ ದೂರು ಕೊಡಿ. ನಂತರ ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ವ್ಯವಸ್ಥೆಯಲ್ಲಿ ಅಥವಾ 155255 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಬಹುದು. ಕಂಪನಿ ಒಂದು ತಿಂಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರ ಕಚೇರಿಗೆ ಒಂದು ವರ್ಷದೊಳಗೆ ಬರೆಯಬಹುದು. ಇದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಡ. ಬೇಕಾದದ್ದು ದಾಖಲೆ ಮಾತ್ರ.

ನೆನಪಿಡಬೇಕಾದ ಅಂಶಗಳು

ಪಾಲಿಸಿಯ ಎರಡೂ ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮನೆಯಲ್ಲಿ ಇನ್ನೊಬ್ಬರಿಗೆ ಅದು ತಿಳಿದಿರಲಿ.
ಮೊಬೈಲ್ ಸಂಖ್ಯೆ ಬದಲಾದರೆ ಕಂಪನಿಗೆ ತಿಳಿಸಿ. ವಿದೇಶಕ್ಕೆ ಹೋಗುವವರು ಇ-ಮೇಲ್ ಕೊಟ್ಟು ಹೋಗಿ.
ಪಾಲಿಸಿ ತಪ್ಪಿದ್ದರೆ ಇಂದೇ ದಿನ ಎಣಿಸಿ. 90 ಆಗಿರದಿದ್ದರೆ ಕೂಡಲೇ ಪರಿಶೀಲನೆ ಮಾಡಿಸಿ ನವೀಕರಿಸಿ.
ನವೀಕರಣ ಮುಗಿಯುವವರೆಗೆ ಕಾರನ್ನು ಗೇಟಿನ ಹೊರಗೆ ತರಬೇಡಿ.
ಕಾರು ಮಾರಿದ ದಿನವೇ ಎನ್‌ಸಿಬಿ ಪತ್ರಕ್ಕೆ ಅರ್ಜಿ ಕೊಡಿ.
ಕಾರು ನಿಲ್ಲಿಸುವುದಾದರೆ ಮೊದಲೇ ಪತ್ರ ಬರೆಯಿರಿ, ಉತ್ತರವನ್ನು ಪಾಲಿಸಿಯೊಂದಿಗೆ ಇಡಿ.

ನಮ್ಮ ತಮ್ಮ ಈಗ ಪ್ರತಿ ಜುಲೈ ತಿಂಗಳಲ್ಲಿ ಅಲ್ಲಿಂದಲೇ ಪ್ರೀಮಿಯಂ ಕಟ್ಟಿ ಪಾಲಿಸಿಯ ಪ್ರತಿಯನ್ನು ನಮಗೆ ಕಳುಹಿಸುತ್ತಾನೆ. ಕಳೆದುಕೊಂಡ ಬೋನಸ್ಸನ್ನು ಅವನು ಮತ್ತೆ ಮೊದಲ ಮೆಟ್ಟಿಲಿನಿಂದ ಗಳಿಸಬೇಕಾಯಿತು. ಈ ಲೇಖನ ಓದಿದವರು ತಮ್ಮ ಮನೆಯ ಕಾರಿನ ಕಾಗದವನ್ನು ಒಮ್ಮೆ ತೆಗೆದು ದಿನಾಂಕ ನೋಡಲಿ. ಪಕ್ಕದ ಮನೆಯ ಶೆಡ್ಡಿನಲ್ಲಿ ಹೊದಿಕೆ ಹಾಕಿದ ಕಾರು ಇದ್ದರೆ, ಅಲ್ಲಿರುವ ಹಿರಿಯರಿಗೂ ಒಂದು ಮಾತು ನೆನಪಿಸಿದರೆ ಉಪಕಾರವಾದೀತು.